ಎರಡು ಕಾರ್ಬ್ಯುರೇಟರ್‌ಗಳ ಅಲ್ಟ್ರಾಲೈಟ್ ಎಂಜಿನ್: ಕಡಿಮೆ ವೇಗದ ನಡುಕ ನಿಂತ ಬಗೆ

ಎರಡು ಸಿಲಿಂಡರ್‌ಗಳ ನನ್ನ ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 2000ರಿಂದ 3000 ಸುತ್ತುಗಳ ನಡುವೆ ನನ್ನ ಅಲ್ಟ್ರಾಲೈಟ್‌ನ, ಅಂದರೆ ತೀರ ಹಗುರವಾದ ಪುಟ್ಟ ವಿಮಾನದ, ಇಡೀ ಚೌಕಟ್ಟು ಅದುರುವಷ್ಟು ನಡುಗುತ್ತಿತ್ತು. ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ನಯವಾಗಿ ಓಡುತ್ತಿತ್ತು. ಸ್ಪಾರ್ಕ್ ಪ್ಲಗ್ ಮತ್ತು ರಬ್ಬರ್ ಮೌಂಟ್‌ಗಳನ್ನು ಬದಲಿಸಿದರೂ, ಪ್ರೊಪೆಲ್ಲರ್‌ನ ಸಮತೋಲನ ಸರಿಪಡಿಸಿದರೂ ಫಲ ಸಿಗಲಿಲ್ಲ. ಕೊನೆಗೆ ಸುಳಿವು ಕೊಟ್ಟದ್ದು ಪ್ಲಗ್‌ಗಳೇ: ಒಂದರ ತುದಿ ಒದ್ದೆಯಾಗಿ ಮಸಿ ಹಿಡಿದಿತ್ತು, ಇನ್ನೊಂದರದು ಒಣಗಿ ತಿಳಿಕಂದಾಗಿತ್ತು. ಅಂದರೆ ಸಿಲಿಂಡರ್‌ಗೊಂದರಂತೆ ಗಾಳಿ-ಇಂಧನ ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರ್‌ಗಳ ಸ್ಲೈಡ್‌ಗಳು (ಥ್ರಾಟಲ್ ಎಳೆದಾಗ ಮೇಲೆದ್ದು ಗಾಳಿಯ ದಾರಿ ತೆರೆಯುವ ಭಾಗಗಳು) ಒಟ್ಟಿಗೆ ಏಳುತ್ತಿರಲಿಲ್ಲ.

ಇಗ್ನಿಷನ್ ಬಂದ್ ಮಾಡಿ, ಏರ್ ಫಿಲ್ಟರ್ ತೆಗೆದು, ಮೊದಲು ಎರಡೂ ಥ್ರಾಟಲ್ ಕೇಬಲ್‌ಗಳನ್ನು ಸಡಿಲಿಸಿ, ಸ್ಲೈಡ್‌ಗಳು ತಳ ಮುಟ್ಟುವವರೆಗೆ ಐಡಲ್ ಸ್ಕ್ರೂಗಳನ್ನು (ಥ್ರಾಟಲ್ ಬಿಟ್ಟಾಗ ಸ್ಲೈಡ್ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಹೊಂದಿಸುವವು) ಹಿಂದಕ್ಕೆ ತಿರುಗಿಸಿದೆ. ಬಳಿಕ ಒಂದೇ ಡ್ರಿಲ್ ಬಿಟ್‌ನ ನುಣುಪಾದ ಬುಡವನ್ನು ಸರದಿಯಂತೆ ಎರಡೂ ಸ್ಲೈಡ್‌ಗಳ ಕೆಳಗಿಟ್ಟು, ಅದು ತುಸು ಉಜ್ಜಿಕೊಂಡು ಹೊರಬರುವಷ್ಟು ಮಾತ್ರ ಸ್ಕ್ರೂ ಬಿಗಿದೆ. ಆಮೇಲಷ್ಟೇ ಎರಡೂ ಕೇಬಲ್‌ಗಳಲ್ಲಿ ಸುಮಾರು 1 ಮಿಲಿಮೀಟರ್ ಸಡಿಲು ಉಳಿಸಿ ಹೊಂದಿಸಿದೆ. ಈ ಕ್ರಮ ಮುಖ್ಯ: ಕೇಬಲ್ ಮೊದಲೇ ಬಿಗಿಯಾಗಿದ್ದರೆ ಸ್ಲೈಡ್ ಅದರಲ್ಲೇ ನೇತಾಡುತ್ತದೆ, ಸ್ಕ್ರೂ ತಿರುಗಿಸಿದ್ದು ವ್ಯರ್ಥವಾಗುತ್ತದೆ. ಎರಡೂ ಸ್ಲೈಡ್‌ಗಳ ಮೇಲೆ ಬೆರಳಿಟ್ಟು ಥ್ರಾಟಲನ್ನು ನಿಧಾನವಾಗಿ ಎಳೆಸಿದಾಗ ಎರಡೂ ಒಂದೇ ಕ್ಷಣದಲ್ಲಿ ಮಿಸುಕಬೇಕು. ಪೂರ್ತಿ ಎಳೆದಾಗ ಎರಡು ಸ್ಲೈಡ್‌ಗಳೂ ಗಾಳಿಯ ದಾರಿಯಿಂದ ಪೂರ್ಣವಾಗಿ ಸರಿಯಬೇಕು.

ಲಾಕ್ ನಟ್‌ಗಳನ್ನು ಬಿಗಿದು, ಫಿಲ್ಟರ್ ಕೂರಿಸಿ, ಎಂಜಿನ್ ಬಿಸಿಯಾದ ಮೇಲೆ ಎರಡೂ ಐಡಲ್ ಸ್ಕ್ರೂಗಳನ್ನು ಸಮಪ್ರಮಾಣದಲ್ಲಿ ತಿರುಗಿಸಿ ವೇಗವನ್ನು 2000ಕ್ಕೆ ನಿಲ್ಲಿಸಿದೆ, ನಡುಕ ಹೋಯಿತು. ಹೊಸ ಕೇಬಲ್ ಹಾಕಿದವರು ಅದು ಸ್ವಲ್ಪ ಹಿಗ್ಗಿದ ಬಳಿಕ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.