ಪಿಟಿಸಿಎಲ್ ತಿದ್ದುಪಡಿ ಬಂದ ವರ್ಷ ನಾನು ಅಪೀಲು ಎಣಿಸಿದ್ದು

ಜಿಲ್ಲಾಧಿಕಾರಿ ಕಚೇರಿಯಲ್ಲಿ ಪಿಟಿಸಿಎಲ್ ಅಪೀಲುಗಳ ಕಡತ ನೋಡುವ ಕೇಸ್ ವರ್ಕರ್ ನಾನು. ಪಿಟಿಸಿಎಲ್ ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕರ್ನಾಟಕದ ಕಾಯ್ದೆ. 2023ರ ಜುಲೈನಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಆ ವರ್ಷ ಬಜೆಟ್ ಬೇಡಿಕೆ ಕಳಿಸುವ ಹೊತ್ತಿಗೆ ಶಿರಸ್ತೇದಾರರು ಕರೆದು, "ಅಪೀಲು ಎಷ್ಟು ಜಾಸ್ತಿ ಆಗಬಹುದು, ಖರ್ಚು ಎಷ್ಟು, ಒಂದು ಪುಟದಲ್ಲಿ ಬರೆದು ಕೊಡ್ರೀ" ಎಂದರು.

ಹಿನ್ನೆಲೆ ಇಷ್ಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆ ಆಗಿದ್ದರೆ ಉಪವಿಭಾಗಾಧಿಕಾರಿ (ಎಸಿ) ಅದನ್ನು ವಾಪಸ್ ಕೊಡಿಸಬಹುದು. 1979ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಇದು. ಎಸಿ ಆದೇಶ ಒಪ್ಪದವರು ಕಲಂ 5ಎ ಅಡಿ ಮೂರು ತಿಂಗಳೊಳಗೆ ಡಿಸಿಗೆ ಅಪೀಲು ಹಾಕಬೇಕು. ಅಲ್ಲೂ ಸೋತರೆ ಹೈಕೋರ್ಟಿನಲ್ಲಿ ರಿಟ್. ಮೂಲ ಅರ್ಜಿಗೆ ಕಾಲಮಿತಿ ಇರಲಿಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್, ನಾವೆಲ್ಲ 'ನೆಕ್ಕಂಟಿ ತೀರ್ಪು' ಅಂತ ಕರೆಯುವ ಪ್ರಕರಣದಲ್ಲಿ, ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ತಡವಾದ ಅರ್ಜಿಗಳು ಒಂದರ ಹಿಂದೆ ಒಂದು ವಜಾ ಆದವು. 2023ರ ತಿದ್ದುಪಡಿ ಕಾಲಮಿತಿಯೇ ಇಲ್ಲ ಎಂದು ಸೇರಿಸಿತು. ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದಿತು.

ಮೊದಲು ನಾನು ಮಾಡಿದ್ದು ತಪ್ಪು ಲೆಕ್ಕ. ನಮ್ಮ ರಿಜಿಸ್ಟರಿನಲ್ಲಿ ಬಾಕಿ ಇದ್ದ ಅಪೀಲು ಎಣಿಸಿ, ಅದರ ಮೇಲೆ ಒಂದಿಷ್ಟು ಶೇಕಡಾ ಏರಿಸಿದೆ. ಎರಡು ದಿನ ಬಿಟ್ಟು ಎಸಿ ಕಚೇರಿಗೆ ಹೋಗಿ ಅಲ್ಲಿನ ಕಡತ ನೋಡಿದಾಗ ಗೊತ್ತಾಯಿತು, ಎಣಿಸಬೇಕಾದದ್ದು ಅಲ್ಲಿ. ಇಂದು ಎಸಿ ಮುಂದೆ ಇರುವ ಅರ್ಜಿಯೇ ನಾಳೆ ನಮಗೆ ಅಪೀಲು. ತಡದ ಕಾರಣಕ್ಕೆ ವಜಾ ಆದವರು ಈಗ ವಿಳಂಬ ಮನ್ನಾ ಕೇಳಿ ಬರಬಹುದು. ಹೈಕೋರ್ಟಿನಿಂದ ಮರುವಿಚಾರಣೆಗೆ ವಾಪಸ್ ಬರುವ ಕಡತಗಳು ಬೇರೆ. ಮೂರನ್ನೂ ಬೇರೆ ಬೇರೆ ಪಟ್ಟಿ ಮಾಡಿದೆ.

ಆದರೆ ಸಂಖ್ಯೆಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ಮೊದಲು ಸೋಲುತ್ತಿದ್ದವರು ಮಂಜೂರುದಾರರ ಮಕ್ಕಳು, ಮೊಮ್ಮಕ್ಕಳು. ಬಸ್ಸಿನ ಖರ್ಚೇ ಭಾರ ಎಂದು ಎಷ್ಟೋ ಜನ ಅಪೀಲಿಗೆ ಬರುತ್ತಲೇ ಇರಲಿಲ್ಲ. ತಿದ್ದುಪಡಿ ಆದ ಮೇಲೆ ಸೋಲುವವರು ಜಮೀನು ಕೊಂಡವರು. ಅವರು ಸುಮ್ನೆ ಬಿಡುತ್ತಾರಾ? ವಕೀಲರು, ತಡೆಯಾಜ್ಞೆ ಅರ್ಜಿ, ಇಲ್ಲಿ ಆಗದಿದ್ದರೆ ಮರುವಾರವೇ ರಿಟ್. ಜಮೀನು ಸೈಟುಗಳಾಗಿ ಒಡೆದಿದ್ದರಂತೂ ಮುಗಿಯಿತು. ಒಂದು ಕಡತದಲ್ಲಿ 14 ಎದುರುದಾರರಿದ್ದರು. ಇಬ್ಬರು ತೀರಿಕೊಂಡಿದ್ದರು. ಅವರ ವಾರಸುದಾರರಿಗೆಲ್ಲ ಮತ್ತೆ ನೋಟಿಸ್.

ಹಾಗಾಗಿ ಅಪೀಲು ಎಷ್ಟು ಎನ್ನುವುದನ್ನು ಪಕ್ಕಕ್ಕಿಟ್ಟು, ಒಂದು ಅಪೀಲಿಗೆ ಎಷ್ಟು ಎಂದು ಬರೆದೆ. ನೋಟಿಸ್, ರಿಜಿಸ್ಟರ್ಡ್ ಪೋಸ್ಟ್, ಕೆಳಗಿನ ಕಚೇರಿಯ ಮೂಲ ದಾಖಲೆ ತರಿಸುವುದು, ಜೆರಾಕ್ಸ್. ಇವು ಬಜೆಟ್ಟಿನ ಲೆಕ್ಕ ಶೀರ್ಷಿಕೆ 2053ರ (ಜಿಲ್ಲಾಡಳಿತ) ಕೆಳಗೆ, 051 ಸಾಮಾನ್ಯ ವೆಚ್ಚದಲ್ಲಿ. ರಿಟ್ ಆದರೆ ಕಡತ ಹಿಡಿದು ಹೈಕೋರ್ಟಿನ ಧಾರವಾಡ ಪೀಠಕ್ಕೆ ಓಡಾಟ, ಅದು 041 ಪ್ರಯಾಣ ವೆಚ್ಚ. ಅಲ್ಲಿ ವಾದಿಸುವ ಸರ್ಕಾರಿ ವಕೀಲರ ಖರ್ಚು ನಮ್ಮದಲ್ಲ, 2014 ನ್ಯಾಯಾಡಳಿತದ್ದು. ಒಂದೇ ಜಗಳದ ಖರ್ಚು ಎರಡು ಇಲಾಖೆಯ ಪುಸ್ತಕದಲ್ಲಿ ಹಂಚಿಹೋಗುತ್ತದೆ, ಯಾರಿಗೂ ಪೂರ್ತಿ ಕಾಣುವುದಿಲ್ಲ. ನಮ್ಮ ಎಷ್ಟೋ ವಿಧೇಯಕಗಳ ಜೊತೆ ಖರ್ಚು ತಿಳಿಸಲು ಇಡುವ ಆರ್ಥಿಕ ಜ್ಞಾಪನ ಪತ್ರದಲ್ಲಿ ಹೆಚ್ಚುವರಿ ವೆಚ್ಚ ಇಲ್ಲ ಎಂಬ ಒಂದೇ ಸಾಲು ಇರುತ್ತದಲ್ವಾ, ಅದು ಸುಳ್ಳೇನಲ್ಲ. ಹೊಸ ಹುದ್ದೆ ಇಲ್ಲ, ಹೊಸ ಕೋರ್ಟಿಲ್ಲ. ಅಂಚೆ ಚೀಟಿ ಮಾತ್ರ ಬೇಗ ಖಾಲಿ.

ನನ್ನ ಪುಟ ಮೇಲೆ ಹೋಯಿತು. ಹಿಂದಿನ ಮೂರು ವರ್ಷದ ಖರ್ಚಿನ ಸರಾಸರಿ ಕೊಡಿ ಎಂದು ವಾಪಸ್ ಬಂತು. ಕಾನೂನು ಬದಲಾಗುವುದಕ್ಕೆ ಮುಂಚಿನ ಸರಾಸರಿ! ಕೊಟ್ಟೆ. ಆದರೆ ನನ್ನ ಪಟ್ಟಿಯನ್ನೂ ಲಗತ್ತಿಸಿದೆ. ಕೇಳಿದ್ದು ಪೂರ್ತಿ ಸಿಗಲಿಲ್ಲ. ಮಾರ್ಚಿನಲ್ಲಿ ಹಣ ಸಾಲದೆ ಬೇರೆ ಬಾಬ್ತಿನಿಂದ ಮರುವಿನಿಯೋಗ ಕೇಳುವಾಗ ಅದೇ ಪಟ್ಟಿ ಕೆಲಸಕ್ಕೆ ಬಂತು.

2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಇಲ್ಲ ಎಂದ ಮಾತ್ರಕ್ಕೆ ಅತಿಯಾದ ವಿಳಂಬವನ್ನು ನೋಡಲೇಬಾರದು ಎಂದಲ್ಲ ಎಂದಿತು. ಹಾಗಾದರೆ ಖರ್ಚು ಇಳಿಯಿತಲ್ಲ ಎಂದು ಶಿರಸ್ತೇದಾರರು ಕೇಳಿದರು. ಇಲ್ಲ ಸಾರ್, ಅಪೀಲು ಹಾಕುವವರು ಬದಲಾಗುತ್ತಾರೆ, ನೋಟಿಸ್ ಅಷ್ಟೇ ಇರುತ್ತೆ ಎಂದೆ. ಆ ವರ್ಷದ ಬೇಡಿಕೆಯಲ್ಲಿ 051 ಇಳಿಸಲಿಲ್ಲ.