ಯುಜಿಡಿಗೆ (ಒಳಚರಂಡಿಗೆ) ಕೆಮಿಕಲ್ ಹೋದರೆ ಮುಚ್ಚಿಡಬೇಡಿ, 1916ಕ್ಕೆ ಹೇಳಿ

ಬೆಂಗಳೂರಿನ ಪೀಣ್ಯದ ಕಡೆ ವರ್ಕ್‌ಶಾಪ್, ಪ್ಲೇಟಿಂಗ್ ಯೂನಿಟ್ ನಡೆಸುವವರು ಇದನ್ನು ಓದಿ.

ಆಸಿಡ್ ಕ್ಯಾನ್ ಉರುಳಿ ಒಳಚರಂಡಿಗೆ ಹೋಯಿತು ಅಂದುಕೊಳ್ಳಿ. ಜಾಸ್ತಿ ಜನ ನಾಲ್ಕು ಬಕೆಟ್ ನೀರು ಸುರಿದು ಸುಮ್ಮನಾಗುತ್ತಾರೆ. ಅದರಿಂದ ಕೆಮಿಕಲ್ ಇನ್ನೂ ಬೇಗ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಸೋರುವುದನ್ನು ನಿಲ್ಲಿಸಿ, ಒಣ ಮರಳು ಹಾಕಿ ಅಡ್ಡಗಟ್ಟಿ. ಗಾಟು ವಾಸನೆ ಬಂದರೆ ಅದೂ ಬೇಡ. ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ಮ್ಯಾನ್‌ಹೋಲ್ ಮುಚ್ಚಳ ತೆಗೆದು ಇಣುಕಲೇಬೇಡಿ.

ಬೆಂಗಳೂರು ಜಲಮಂಡಳಿಯ ಸಹಾಯವಾಣಿ 1916. ಯಾವ ಕೆಮಿಕಲ್, ಅಂದಾಜು ಎಷ್ಟು ಲೀಟರ್, ಎಷ್ಟು ಹೊತ್ತಿಗೆ ಚೆಲ್ಲಿತು, ಇನ್ನೂ ಹರಿಯುತ್ತಿದೆಯಾ, ಹತ್ತಿರದ ಮ್ಯಾನ್‌ಹೋಲ್ ಎಲ್ಲಿದೆ, ಇಷ್ಟು ಹೇಳಿ. ಹೋಗಿದ್ದು ಯುಜಿಡಿಗಾ, ಮಳೆನೀರಿನ ಚರಂಡಿಗಾ ಅನ್ನುವುದನ್ನೂ ಹೇಳಿ. ಎರಡೂ ಬೇರೆ ಬೇರೆ ದಾರಿ, ಅಲ್ವಾ? ಕ್ಯಾನಿನ ಲೇಬಲ್ ಫೋಟೊ ತೆಗೆದಿಡಿ, ದೂರಿನ ನಂಬರ್ ಬರೆದುಕೊಳ್ಳಿ.

ಮಾಲಿನ್ಯ ನಿಯಂತ್ರಣ ಮಂಡಳಿಗೂ ತಕ್ಷಣ ತಿಳಿಸಬೇಕು. 1974ರ ಜಲ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಇದು ಯೂನಿಟ್ ಜವಾಬ್ದಾರಿ ಹೊತ್ತವರ ಕೆಲಸ.

ದಂಡ ಬೀಳಬಹುದು ಅಂತ ಸುಮ್ನಿರುವವರು ಒಂದು ವಿಷಯ ತಿಳಿದಿರಿ. ಪ್ಲೇಟಿಂಗ್‌ನ ಸೈನೈಡ್ ನೀರಿಗೆ ಪೈಪಿನೊಳಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸೈನೈಡ್ ಎಂಬ ವಿಷಾನಿಲ ಏಳುತ್ತದೆ. ಥಿನ್ನರ್ ಆವಿಗೆ ಒಂದು ಕಿಡಿ ತಾಗಿದರೂ ಸಾಕು. ಕೆಳಗಿನ ಬೀದಿಯಲ್ಲಿ ಬ್ಲಾಕ್ ಆಯಿತೆಂದು ಮ್ಯಾನ್‌ಹೋಲ್ ತೆರೆಯುವ ಕಾರ್ಮಿಕನಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಮರಳು ತುಂಬಿದ ಎರಡು ಬಕೆಟ್ ಕೆಮಿಕಲ್ ಇಡುವ ಜಾಗದಲ್ಲೇ ಇರಲಿ. ಈ ನಂಬರ್‌ಗಳನ್ನೂ ಅಲ್ಲೇ ಗೋಡೆಗೆ ಅಂಟಿಸಿ.