ಅರ್ಧಕ್ಕೆ ಸಿಕ್ಕಿಕೊಂಡ ಎಪಿಡ್ಯೂರಲ್ ಕ್ಯಾತಿಟರ್: ನನ್ನ ಅನುಭವ

ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಮೂರನೇ ದಿನ. ಅಜ್ಜಿಯ ಬೆನ್ನಿನಿಂದ ಎಪಿಡ್ಯೂರಲ್ ಕ್ಯಾತಿಟರ್, ಅಂದರೆ ನೋವಿನ ಔಷಧಿ ಕೊಡಲು ಬೆನ್ನುಮೂಳೆಯೊಳಗೆ ಇಟ್ಟಿದ್ದ ತೆಳುವಾದ ಕೊಳವೆ, ತೆಗೆಯಬೇಕಿತ್ತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪರಿನ್‌ನ ಸಣ್ಣ ಡೋಸ್ ಕೊಟ್ಟು 12 ಗಂಟೆ ದಾಟಿದೆ ಅಂತ ಖಚಿತ ಮಾಡಿಕೊಂಡೇ ಕೈ ಹಾಕಿದೆ. ಎರಡು ಸೆಂಟಿಮೀಟರ್ ಬಂತು, ಆಮೇಲೆ ಅಲುಗಲಿಲ್ಲ. ಎಳೆದರೆ ರಬ್ಬರಿನಂತೆ ಹಿಗ್ಗುತ್ತಿತ್ತು.

ಅಲ್ಲೇ ನಿಲ್ಲಿಸಿದೆ. ಹಿಗ್ಗಿದ ಕ್ಯಾತಿಟರ್ ಒಳಗೇ ತುಂಡಾಗಬಹುದು. ಇನ್ನೊಂಚೂರು ಎಳೆದು ನೋಡೋಣ ಅನ್ನಿಸುತ್ತದೆ, ಅಲ್ವಾ? ಬೇಡವೇ ಬೇಡ.

"ಕಾಲಿಗೆ ಕರೆಂಟ್ ಹೊಡೆದ ಹಾಗಾಯ್ತಾ ಅಜ್ಜಿ?"

"ಇಲ್ಲ ಡಾಕ್ಟ್ರೇ."

ಹೌದು ಅಂದಿದ್ದರೆ ಮತ್ತೆ ಮುಟ್ಟದೆ ಸ್ಕ್ಯಾನ್‌ಗೆ ಕಳಿಸುತ್ತಿದ್ದೆ. ನರಕ್ಕೆ ಸುತ್ತಿಕೊಂಡಿರಬಹುದು.

ಆಮೇಲೆ ಅರಿವಿಗೆ ಬಂತು: ಹಾಕಿದ್ದು ಮಗ್ಗುಲಿಗೆ ಮಲಗಿಸಿ, ನಾನು ತೆಗೆಯಲು ಹೊರಟಿದ್ದು ಕೂರಿಸಿ. ಮಗ್ಗುಲಿಗೆ ಮಲಗಿಸಿ, ಮಂಡಿಯನ್ನು ಹೊಟ್ಟೆಯ ಕಡೆ ಮಡಚಿಸಿ ಬೆನ್ನು ಬಾಗಿಸಿದೆವು. ಅರ್ಧ ಗಂಟೆ ಸುಮ್ನೆ ಬಿಟ್ಟೆ. ನಂತರ ಚರ್ಮದ ಹತ್ತಿರವೇ ಹಿಡಿದು, ಜಗ್ಗದೆ, ಒಂದೇ ಸಮನೆ ಎಳೆದೆ. ಜಾರಿಕೊಂಡು ಬಂತು. ಎಷ್ಟು ಸಮಾಧಾನವಾಯಿತು!

ತುದಿ ಪೂರ್ತಿ ಇದೆಯೇ ಅಂತ ಸಿಸ್ಟರ್ ಜೊತೆ ನೋಡಿ ಕೇಸ್ ಶೀಟಿನಲ್ಲಿ ಬರೆದೆ. ಮುಂದಿನ ಎನಾಕ್ಸಪರಿನ್ 4 ಗಂಟೆ ಬಿಟ್ಟು. ಕಾಲಿನ ಬಲ, ಸ್ಪರ್ಶ, ಬೆನ್ನುನೋವನ್ನು ಮರುದಿನದವರೆಗೂ ಗಮನಿಸಿದೆವು. ಸಂಜೆ ಅಜ್ಜಿ ವಾರ್ಡಿನಲ್ಲಿ ನಡೆದರು.